ನಂದಿಬೆಟ್ಟದ ಪಕ್ಕದ ಕೆಂಪು ವೈನ್: ಗ್ರೋವರ್ ಜಂಪಾ ಲಾ ರಿಸರ್ವ್

ವೈನ್ ಬಗ್ಗೆ ನಾನೇನೂ ಓದಿಕೊಂಡಿಲ್ಲ. ಶನಿವಾರ ರಾತ್ರಿ ಊಟದ ಜೊತೆ ಒಂದು ಗ್ಲಾಸ್, ಅಷ್ಟೇ. ಈಗ ಮನೆಯಲ್ಲಿ ಜಾಸ್ತಿ ತೆರೆಯುವುದು ಗ್ರೋವರ್ ಜಂಪಾ ಕಂಪನಿಯ ಲಾ ರಿಸರ್ವ್. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಎರಡೂ ದ್ರಾಕ್ಷಿ ಸೇರಿಸಿ, ಓಕ್ ಪೀಪಾಯಿಯಲ್ಲಿಟ್ಟು ಹದ ಮಾಡಿದ್ದು. ದೊಡ್ಡಬಳ್ಳಾಪುರದ ಕಡೆ ಅವರ ತೋಟ. ನಮ್ಮ ಬೆಂಗಳೂರಿನ ಪಕ್ಕದಲ್ಲೇ ಇಂಥದ್ದು ತಯಾರಾಗುತ್ತದೆ ಅನ್ನುವುದೇ ನನಗೆ ಖುಷಿ.

ಮೊದಲ ಗುಟುಕಿಗೆ ಹಣ್ಣಿನ ರುಚಿ, ಹಿಂದೆಯೇ ಕಾಳುಮೆಣಸಿನ ಘಾಟು. ನುಂಗಿದ ಮೇಲೆ ನೇರಳೆಹಣ್ಣು ತಿಂದ ಹಾಗೆ ನಾಲಿಗೆಯೆಲ್ಲ ಒಗರು. ಸುಮ್ನೆ ಕುಡಿಯುವವರಿಗೆ ಈ ಒಗರು ಸ್ವಲ್ಪ ಜಾಸ್ತಿ ಅನ್ನಿಸಬಹುದು. ಜೊತೆಗೆ ಮಟನ್ ಪೆಪ್ಪರ್ ಫ್ರೈ ಇಟ್ಟುಕೊಳ್ಳಿ. ಒಂದು ತುಂಡು, ಒಂದು ಗುಟುಕು. ಕೊಬ್ಬಿನ ಜಿಡ್ಡಿಗೆ ಒಗರು ಇಳಿದು, ವೈನ್ ಒಮ್ಮೆಲೇ ಮೃದುವಾಗುತ್ತದೆ. ಹುಣಸೆಹುಳಿ ಮುಂದಾದ ಸಾರಿನ ಜೊತೆ ಮಾತ್ರ ಬೇಡ.

ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನುತ್ತಾರೆ, ಆದರೆ ಏಪ್ರಿಲ್ ಸೆಕೆಯಲ್ಲಿ ಅದು ನಡೆಯಲ್ಲ ಅಲ್ವಾ? 16ರಿಂದ 18 ಡಿಗ್ರಿ ಇದ್ದರೆ ಚೆಂದ. ಅಷ್ಟಾಗುವವರೆಗೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲೇ ಇಟ್ಟರೆ ಎರಡು ಮೂರು ದಿನ ರುಚಿ ಕೆಡುವುದಿಲ್ಲ.