ರೆಂಟ್‌ಗೋ, ಲೀಸ್‌ಗೋ?

ಬೆಂಗಳೂರಲ್ಲಿ ಮನೆ ಹುಡುಕುವಾಗ ಗೇಟಿನ ಮೇಲೆ ಕಾಣುವ ‘ಲೀಸ್’ ಇಂಗ್ಲಿಷ್ ಪದವೇ, ಆದರೆ ಅರ್ಥ ನಮ್ಮದು.

ಇಂಗ್ಲಿಷಿನಲ್ಲಿ ಲೀಸ್ ಅಂದರೆ ಕರಾರು, ರೆಂಟ್ ಅಂದರೆ ಆ ಕರಾರಿನಂತೆ ಕೊಡುವ ಹಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಂ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ವಿದೇಶಿ ಕಂಪನಿಯವರು ‘ಲೀಸ್ ಕಳಿಸಿ’ ಎಂದರೆ ನಿಮ್ಮ 11 ತಿಂಗಳ ಬಾಡಿಗೆ ಕರಾರನ್ನೇ ಕಳಿಸಿ.

ನಮ್ಮ ಲೀಸ್ ಅಂದರೆ ಭೋಗ್ಯ. ಇಡಿಗಂಟು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ವಾಪಸು. ಬಡ್ಡಿಯೇ ಬಾಡಿಗೆ! ಇದು ಅಡಮಾನಕ್ಕೆ ಹತ್ತಿರದ ವ್ಯವಹಾರ. ಭೋಗ್ಯದ ಅಡಮಾನ ಅದೇ ಕಾಯ್ದೆಯ 58ನೇ ಕಲಮಿನಲ್ಲಿದೆ. ಕೈಯಲ್ಲಿ ದುಡ್ಡಿದ್ದರೆ ಆಸೆಯಾಗುತ್ತದೆ, ನಿಜ. ಆದರೆ ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ನೋಡದೆ, ಪತ್ರ ನೋಂದಾಯಿಸದೆ ನಾನಂತೂ ಗಂಟು ಬಿಚ್ಚುವುದಿಲ್ಲ. ಆ ತಲೆನೋವು ಬೇಡವೆಂದರೆ ಬಾಡಿಗೆಯೇ ವಾಸಿ.

ಬಾಡಿಗೆಗೆ ಇಂಗ್ಲಿಷಿನಲ್ಲಿ ಇನ್ನೆರಡು ಪದಗಳಿವೆ: ಹೈರ್, ಲೆಟ್. ಹೈರ್ ಎಂಬುದು ಮನೆಗೆ ಒಗ್ಗದು. ಬ್ರಿಟನ್ನಿನಲ್ಲಿ ಕಾರು ಹೈರ್ ಮಾಡುತ್ತಾರೆ, ಅಮೆರಿಕದಲ್ಲಿ ಅದಕ್ಕೂ ರೆಂಟ್. ಲೆಟ್ ಅಂದರೆ ಬಾಡಿಗೆಗೆ ಕೊಡುವುದು, ಅದನ್ನು ಮಾಡುವವನು ಮಾಲೀಕ ಮಾತ್ರ. ಆದರೆ ರೆಂಟ್ ಎಂಬ ಪದ ಮನೆ ಕೊಟ್ಟವನಿಗೂ ಸಲ್ಲುತ್ತದೆ, ತಗೊಂಡವನಿಗೂ. ಕೊಟ್ಟವನಾದರೆ ‘ರೆಂಟ್ ಔಟ್’ ಎನ್ನಿ.