ಬಳ್ಳಾರಿ ಕಡೆಯ ತುಪಾಕಿ ಲೈಸೆನ್ಸ್‌ದಾರರೇ, ಬಿಲ್ ಇಲ್ಲದ ತೋಟಾ ಮುಟ್ಟಬೇಡ್ರಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೀನಿ, ಯಾರ ಕೈ ಕಣ್ಣೂ ಹೋಗೋದು ಬೇಡ.

ಸಂಡೂರು ಗುಡ್ಡದ ಕೆಳಗೆ ನಮ್ಮ ಹೊಲ. ಶೇಂಗಾ ಕಾಯಿ ಕಟ್ಟಿತು ಅಂದ್ರೆ ಹಂದಿ ಹಿಂಡು ತಪ್ಪಿದ್ದಲ್ಲ. ಅಪ್ಪನ ಕಾಲದ 12 ಬೋರ್ ಸಿಂಗಲ್ ಬ್ಯಾರಲ್ ಇದೆ, ಬೆಳೆ ಕಾಯೋಕೆ ಅಂತಲೇ ಲೈಸೆನ್ಸ್. ಗಾಳಿಗೆ ಒಂದು ಹಾರಿಸಿದರೆ ಓಡ್ತಾವೆ, ಅಷ್ಟೇ ನಮಗೆ ಬೇಕಾದ್ದು.

ತೋಟಾ ಮುಗಿದಿತ್ತು. ಬಳ್ಳಾರಿಗೆ ಹೋದೆ. ಅಂಗಡಿಯವ ಒಳಗಿಂದ ಎರಡು ಡಬ್ಬಿ ತಂದ. ಪುಣೆ ಹತ್ತಿರದ ಖಡಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ಬ್ರ್ಯಾಂಡ್ ಡಬ್ಬಿಗಳೇ, ಆದರೆ ಸೀಲ್ ಇಲ್ಲ. ಒಂದರ ಮೇಲೆ ಸ್ಕೆಚ್ ಪೆನ್ನಿನ ನೀಲಿ ಗೀಟು, ಇನ್ನೊಂದಕ್ಕೆ ಕೆಂಪು. "ನೀಲಿದು ಸಬ್‌ಸಾನಿಕ್ ಅಣ್ಣ, ಸದ್ದೇ ಬರಲ್ಲ, ಫಾರೆಸ್ಟ್‌ನೋರಿಗೆ ಗೊತ್ತಾಗಲ್ಲ. ಕೆಂಪುದು ಸೂಪರ್‌ಸಾನಿಕ್, ಹಂದಿ ಊರೇ ಬಿಡ್ತಾವೆ. ಅರ್ಧ ರೇಟು ನಿಮಗೆ." ಸಬ್‌ಸಾನಿಕ್ ಅಂದ್ರೆ ಶಬ್ದಕ್ಕಿಂತ ನಿಧಾನ ಹೋಗೋದು, ಸೂಪರ್‌ಸಾನಿಕ್ ಅಂದ್ರೆ ಶಬ್ದಕ್ಕಿಂತ ಜೋರು ಹೋಗೋದು.

1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದ ಬೇಟೆ ಅಪರಾಧ. ಫಾರೆಸ್ಟ್‌ನೋರ ಮಾತು ತೆಗೆದಾಗಲೇ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಕೆಂಪು ಡಬ್ಬಿ ತಗೊಂಡೆ. ಲೈಸೆನ್ಸ್ ಬುಕ್ಕಲ್ಲಿ ಎಂಟ್ರಿ ಹಾಕ್ರಿ ಅಂದ್ರೆ "ಮುಂದಿನ ಸಲ ಸೇರಿಸಿ ಹಾಕೋಣ" ಅಂದ. ಬಿಲ್ಲೂ ಇಲ್ಲ. ಇಪ್ಪತ್ತು ವರ್ಷದಿಂದ ಲೈಸೆನ್ಸ್ ಇಟ್ಕೊಂಡವನು ನಾನು, ಎಂಟ್ರಿ ಇಲ್ಲದೆ ತೋಟಾ ತಗೊಂಡು ಬಂದೆ!

ಮೊದಲನೇದು ಢಂ ಅಂತು, ಆದರೆ ಖಾಲಿ ತೋಟಾ ಸಿಕ್ಕಿಬಿದ್ದು ಕಡ್ಡಿ ಹಾಕಿ ಎಬ್ಬಿಸಬೇಕಾಯ್ತು. ಎರಡನೇದು ಪುಸ್ ಅಂತು. ಭುಜಕ್ಕೆ ಒದೆತವೇ ಇಲ್ಲ. ಚಿಕ್ಕಪ್ಪನ ಮಗ "ಅಣ್ಣ, ಇನ್ನೊಂದು ಹಾಕು, ಹಂದಿ ಹೋಗಿಲ್ಲ" ಅಂತ ತೋಟಾ ಕೈಗೆ ಕೊಟ್ಟ. ಹಾಕೋಕೂ ಹೋದೆ. ಯಾಕೋ ಮನಸ್ಸು ಒಪ್ಪಲಿಲ್ಲ. ಖಾಲಿ ತೋಟಾ ತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಿದೆ. ಆ ತುದಿಗೆ ಹಿಡಿದ ಬ್ಯಾಟರಿ ಬೆಳಕು ಈ ಕಡೆ ಬರಲಿಲ್ಲ. ಮದ್ದಿಗೂ ಚರೆಗೂ ನಡುವೆ ಇರೋ ಬೂಚು ಅರ್ಧದಲ್ಲೇ ಕೂತಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ರೆ ನಳಿಗೆ ಸಿಡಿದು ನನ್ನ ಎಡಗೈ ಹೋಗ್ತಿತ್ತು. ಪಕ್ಕದಲ್ಲೇ ತಮ್ಮ ನಿಂತಿದ್ದ.

ತುಪಾಕಿ ರಿಪೇರಿ ಮಾಡೋ ಹಿರಿಯರು ಮೂರು ತೋಟಾ ಬಿಚ್ಚಿ ತೂಗಿದರು. ಮೂರರಲ್ಲೂ ಮದ್ದು ಬೇರೆ ಬೇರೆ ತೂಕ. ಹಾರಿಸಿದ ಹಳೇ ತೋಟಾಕ್ಕೆ ಹೊಸ ಕೇಪು (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸೋ ಬಿಲ್ಲೆ) ಹಾಕಿ ಕೈಯಲ್ಲಿ ತುಂಬಿದ್ದು. ಸಬ್‌ಸಾನಿಕ್ ಕಥೆಯೂ ಸುಳ್ಳು ಅಂದರು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ನಿಧಾನ ಹೋದರೆ ಗಾಳಿ ಸೀಳೋ ಚಟ್ ಸದ್ದು ಮಾತ್ರ ಇರಲ್ಲ, ನಳಿಗೆ ಬಾಯಿಯ ಢಂ ಇದ್ದೇ ಇರುತ್ತೆ. ವೇಗ ಇಳಿಸ್ತೀನಿ ಅಂತ ಅಂದಾಜಿಗೆ ಮದ್ದು ಕಮ್ಮಿ ಮಾಡಿದರೆ ಬೂಚು ಒಳಗೇ ಕೂರುತ್ತೆ.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲು "ಅಣ್ಣ, ಮಳೆಯಾಗ ನೆನೆಸಿರ್ತೀರಿ." ಆಮೇಲೆ "ನಿಮ್ಮ ತುಪಾಕಿನೇ ಹಳೇದು." ನಾನು ಬಿಡದೆ ಕೇಳಿದಾಗ "ನಮ್ಮ ಅಂಗಡಿದು ಅನ್ನೋಕೆ ಬಿಲ್ ಐತೇನು? ಕಂಪ್ಲೇಂಟ್ ಕೊಡು, ಲೈಸೆನ್ಸ್ ಹೋಗೋದು ನಿಂದು." ಅಣ್ಣ ಹೋಗಿ ನೀನು ಆಯ್ತು. ಬಿಲ್ ಕೊಡದವನೇ ಬಿಲ್ ಕೇಳ್ತಾನೆ! ಆ ಮಾತು ಇನ್ನೂ ಕಿವಿಯಲ್ಲಿದೆ.

ಉಳಿದ ತೋಟಾ ಸ್ಟೇಷನ್ನಿಗೆ ಒಪ್ಪಿಸಿ, ನಡೆದದ್ದೆಲ್ಲ ಬರೆದುಕೊಟ್ಟಿದ್ದೀನಿ. ನನಗೂ ಬೈದರು, ಬೈಸಿಕೊಂಡೆ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿ ಮಾರೋದೇ ಅಪರಾಧ.

ನೀವೂ ಹಿಂಗೆ ಅರ್ಧ ರೇಟಿಗೆ ತಂದಿದ್ರೆ ಇವತ್ತೇ ಡಬ್ಬಿ ತೆಗೆದು ನೋಡ್ರಿ. ಹಿತ್ತಾಳೆ ಅಂಚಿಗೆ ಹಳೇ ಗೀರು, ಬಾಯಿ ಮಡಿಕೆ ಸುಕ್ಕು, ಕೇಪು ಮಾತ್ರ ಫಳಫಳ ಹೊಳೀತಿದ್ರೆ ಒಂದನ್ನೂ ಹಾರಿಸಬೇಡ್ರಿ. ಹಾರಿಸಿದಾಗ ಪುಸ್ ಅಂದ್ರೆ ಅಲ್ಲೇ ನಿಲ್ಲಿಸಿ, ಹಂದಿ ಹೊಲ ಪೂರ್ತಿ ತಿಂದರೂ ತಿನ್ನಲಿ.