ಅಣ್ಣನ ಮಾತು ನಂಬಿ ಜಂಟಿ ಬೋರ್ ಕೊರೆಸಿದೆ, ಈಗ ನೀರಿನ ವಾಲ್‌ಗೆ ಬೀಗ

ಪಕ್ಕದ ಜಮೀನಿನ ಅಣ್ಣತಮ್ಮಂದಿರ ಜೊತೆ ಸೇರಿ ಬೋರ್ ಕೊರೆಸೋಕೆ ಹೊರಟಿದ್ದರೆ ಮೊದಲು ಇದನ್ನು ಓದಿ.

ನಮ್ಮದು ಗುಬ್ಬಿ ಕಡೆ ಅಡಿಕೆ ತೋಟ. ಅಪ್ಪಂದಿರ ಕಾಲದಲ್ಲೇ ಪಾಲಾದ ಜಮೀನು. 2014ರಲ್ಲಿ ದೊಡ್ಡಪ್ಪನ ಮಗ, ನಾನು ಸೇರಿ ಬೋರ್ ಹಾಕಿಸಿದೆವು. ಪಾಯಿಂಟ್ ಸಿಕ್ಕಿದ್ದು ಬದುವಿನಿಂದ ಹತ್ತೇ ಹೆಜ್ಜೆ ಆಚೆ, ಅವನ ಹಿಸ್ಸೆಯಲ್ಲಿ. 780 ಅಡಿಗೆ ನೀರು ಬಂತು. ಕೇಸಿಂಗ್, ಮೋಟಾರ್, ಕೇಬಲ್ ಎಲ್ಲಾ ಸೇರಿ ನನ್ನ ಅರ್ಧ 1 ಲಕ್ಷ 60 ಸಾವಿರ. ನಗದಾಗಿ ಕೊಟ್ಟೆ. ಆರ್‌.ಆರ್. ನಂಬರ್ (ಕರೆಂಟ್ ಸಂಪರ್ಕದ ನಂಬರ್) ಅವನ ಹೆಸರಲ್ಲೇ ಆಯ್ತು. "ಯಾರ ಹೆಸರಲ್ಲಿದ್ದರೇನೋ, ನಾವು ಅಣ್ಣತಮ್ಮ ಅಲ್ವಾ" ಅಂದ. ನಾನೂ ಹೌದು ಅಂದೆ.

ಹತ್ತು ವರ್ಷ ದಿನ ಬಿಟ್ಟು ದಿನ ಇಬ್ಬರೂ ಹಾಯಿಸಿಕೊಂಡೆವು. ಈ ಸಲ ಮಾರ್ಚಲ್ಲಿ "ನೀರು ಕಮ್ಮಿಯಾಗಿದೆ, ಎರಡು ದಿನ ತಡಿ" ಅಂದ. ಒಂದು ವಾರ ತಡೆದೆ. ಹೋಗಿ ನೋಡಿದರೆ ಅರ್ಧ ಎಕರೆಗೆ ಹೊಸ ಸಸಿ ಇಟ್ಟಿದ್ದಾನೆ, ಡ್ರಿಪ್ ಓಡ್ತಿದೆ. ನನ್ನ ಕಡೆಯ ಗೇಟ್‌ವಾಲ್‌ಗೆ ಸರಪಳಿ, ಬೀಗ. ಬೀಗದ ಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ಪೂರ್ತಿ ಕಿತ್ತಿರಲಿಲ್ಲ.

"ಏನಣ್ಣ ಇದು?"

"ಬೋರು ನಂದು ಕಣೋ. ಬೇಕಾದ್ರೆ ಪಹಣಿ ತೆಗೆಸಿ ನೋಡು."

"ನಾನು ಅರ್ಧ ದುಡ್ಡು ಕೊಟ್ಟಿಲ್ವಾ?"

"ಹತ್ತು ವರ್ಷ ನೀರು ಕುಡಿಸ್ಕೊಂಡ್ಯಲ್ಲ, ಅಲ್ಲಿಗಲ್ಲಿಗೆ ಸರಿಹೋಯ್ತು."

ಸರಿಹೋಯ್ತಂತೆ! ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಒಂದು ಮಾತು ಆಡಲಿಲ್ಲ. ಅವರ ಮುಂದೆ ನನ್ನ ದುಡ್ಡಿಗೆ ನಾನೇ ಬೇಡುವ ಹಾಗಾಯ್ತು.

ವಕೀಲರ ಹತ್ತಿರ ಹೋದೆ. 1882ರ ಈಸ್‌ಮೆಂಟ್ ಕಾಯ್ದೆ (ಬೇರೆಯವರ ಜಮೀನಿನ ದಾರಿ, ನೀರು ಬಳಸುವ ಹಕ್ಕಿನ ಕಾಯ್ದೆ) ಪ್ರಕಾರ ಬಳಕೆಯಿಂದಲೇ ಹಕ್ಕು ಬರಬೇಕಾದರೆ 20 ವರ್ಷ ಬಿಡದೆ, ಹಕ್ಕು ಅಂತಲೇ ಬಳಸಿರಬೇಕಂತೆ. ಕೇಳಿ ಪಡೆದರೆ ಅದು ಬರೀ ಅನುಮತಿ. ನನ್ನ ಫೋನ್ ತುಂಬಾ "ಅಣ್ಣಾ, ನಾಳೆ ನೀರು ಬಿಟ್ಕೊಳ್ಲಾ?" ಅನ್ನೋ ಮೆಸೇಜುಗಳೇ. ಮರ್ಯಾದೆಗೆ ಕೇಳಿದ್ದು, ಈಗ ನನಗೇ ಉರುಳು. "ಕೇಸು ಹಾಕಬಹುದು, ದುಡ್ಡು ಕೊಟ್ಟಿದ್ದಕ್ಕೆ ಏನಿದೆ?" ಅಂದರು. ಏನೂ ಇಲ್ಲ. ಒಂದು ಚೀಟಿಯೂ ಇಲ್ಲ.

ದಯವಿಟ್ಟು ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. ಸರ್ವೆ ನಂಬರ್, ನೀರಿನ ಸರದಿ, ಪೈಪ್ ಹೋಗುವ ಜಾಗ, ಮೋಟಾರ್ ಸುಟ್ಟರೆ ಯಾರ ಖರ್ಚು, ಎಲ್ಲಾ ಬರೆಸಿ ನೋಂದಣಿ ಮಾಡಿಸಿ, ಮೊದಲ ಪೈಪ್ ಇಳಿಸುವ ಮುಂಚೆಯೇ. ಬೇಜಾರು ಮಾಡ್ಕೋತಾರೆ ಅಂತ ನನ್ನ ಹಾಗೆ ಸುಮ್ನಿರಬೇಡಿ.

ಈಗ ವಾರಕ್ಕೆ ಎರಡು ಟ್ಯಾಂಕರ್ ತರಿಸ್ತಿದ್ದೇನೆ. ಮೇಲಿನ ಸಾಲಿನ ಗಿಡಗಳ ಸೋಗೆ ಆಗಲೇ ಹಳದಿಯಾಗಿದೆ.